‘ಎಂಬೆಡೆಡ್’: ಸೇನೆಯ ಜೊತೆ ಹೋದವರೆಲ್ಲ ಎಂಬೆಡೆಡ್ ಅಲ್ಲ

ವಿಯೆಟ್ನಾಂ ಯುದ್ಧದ ಬಗ್ಗೆ ಕನ್ನಡದಲ್ಲಿ ಏನೇ ಓದಿದರೂ ಈಗ ಒಂದು ಪದ ಎದುರಾಗುತ್ತದೆ. ಆ ಯುದ್ಧವನ್ನು ವರದಿ ಮಾಡಿದ ಡೇವಿಡ್ ಹಾಲ್ಬರ್‌ಸ್ಟಾಮ್, ನೀಲ್ ಶೀಹನ್, ಪೀಟರ್ ಆರ್ನೆಟ್ ಎಲ್ಲರೂ ಅಲ್ಲಿ ‘ಎಂಬೆಡೆಡ್ ಪತ್ರಕರ್ತರು’, ಅಂದರೆ ಸೇನೆಯ ಒಂದು ತುಕಡಿಯೊಳಗೇ ಉಳಿದು ವರದಿ ಮಾಡುವವರು, ಆಗಿಬಿಟ್ಟಿದ್ದಾರೆ. ಇವರಲ್ಲಿ ಯಾರೂ ಎಂಬೆಡೆಡ್ ಆಗಿರಲಿಲ್ಲ. ಅಂಥ ವ್ಯವಸ್ಥೆಯೇ ಆಗ ಇರಲಿಲ್ಲ. ಇನ್ನೊಂದು ಕಡೆ, ಸರ್ಕಾರದ ಪರ ಮಾತಾಡುವ ನಿರೂಪಕರನ್ನು ಬೈಯಲಿಕ್ಕೂ ಇದೇ ಪದ ಬಳಕೆಯಾಗುತ್ತಿದೆ, ‘ಅವರೆಲ್ಲ ಎಂಬೆಡೆಡ್’ ಎಂದು. ಎರಡೂ ತಪ್ಪು. ಎರಡನೆಯದು ಹೆಚ್ಚು ಹಾನಿ ಮಾಡುವ ತಪ್ಪು.

ಎಂಬೆಡ್ ಎಂಬ ಇಂಗ್ಲಿಷ್ ಕ್ರಿಯಾಪದ ಮೊದಲು ಭೂವಿಜ್ಞಾನದ್ದು. 18ನೇ ಶತಮಾನದ ಕೊನೆಯ ದಶಕಗಳಲ್ಲಿ, ಬಂಡೆಯೊಳಗೆ ಸಿಕ್ಕಿಕೊಂಡ ಪಳೆಯುಳಿಕೆಯ ಬಗ್ಗೆ ಹೇಳಲು ಅದು ಬಳಕೆಗೆ ಬಂತು. ಅದರೊಳಗಿನ ‘ಬೆಡ್’ ಮಲಗುವ ಹಾಸಿಗೆಯಲ್ಲ, ಕಲ್ಲಿನ ಹಾಸು. ಇದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ, ಹಾಸಿಗೆ ಮತ್ತು ಹಾಸುಬಂಡೆ ಎರಡನ್ನೂ ನಾವು ಒಂದೇ ‘ಹಾಸು’ವಿನಿಂದ ಮಾಡಿಕೊಂಡಿದ್ದೇವೆ. ಕೆಲವರು ಎಂಬೆಡ್ ಎಂದರೆ ಉಂಗುರಕ್ಕೆ ಹರಳು ಕೂರಿಸಿದ ಹಾಗೆ ಎಂದು ವಿವರಿಸುತ್ತಾರೆ. ಆ ಹೋಲಿಕೆ ಒಪ್ಪುವಂಥದ್ದಲ್ಲ. ಹರಳನ್ನು ಕೂರಿಸುವುದು ನಾಲ್ಕು ಜನ ನೋಡಲಿ ಎಂದು, ಬೇಡವಾದರೆ ಅಕ್ಕಸಾಲಿಗ ಕಿತ್ತು ಕೊಡುತ್ತಾನೆ. ಪಳೆಯುಳಿಕೆ ಹಾಗಲ್ಲ. ಸುತ್ತಲಿನ ಕಲ್ಲು ಎಲ್ಲಿದೆಯೋ ಅದೂ ಅಲ್ಲಿ. ಬಂಡೆ ಜರುಗಿದರೆ ಅದರ ಜೊತೆಗೇ ಜರುಗುತ್ತದೆ, ತಾನಾಗಿ ಹೊರಬರಲಾರದು. ನಮ್ಮ ‘ಹುದುಗು’ ಎಂಬ ಪದದಲ್ಲಿ ಈ ಅರ್ಥ ಪೂರ್ತಿಯಾಗಿದೆ. ಎಂಬೆಡೆಡ್ ವರದಿಗಾರನ ಪಾಡನ್ನು ಇದಕ್ಕಿಂತ ಸರಿಯಾಗಿ ಹೇಳುವ ಚಿತ್ರ ಇನ್ನೊಂದಿಲ್ಲ.

ಸೇನೆಯ ಭಾಷೆಗೆ ಈ ಪದ ಪಾರಿಭಾಷಿಕವಾಗಿ ಗಟ್ಟಿಯಾದದ್ದು 2003ರ ಇರಾಕ್ ದಾಳಿಯ ಹೊತ್ತಿಗೆ. ಆ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಪೆಂಟಗನ್ ಹೊರಡಿಸಿದ ಮಾಧ್ಯಮ ಮಾರ್ಗಸೂಚಿ ಅದನ್ನು ವಿವರಿಸಿತು: ವರದಿಗಾರ ಒಂದೇ ತುಕಡಿಯೊಂದಿಗೆ ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ ಇರಬೇಕು. ಊಟ, ಮಲಗುವ ಜಾಗ, ಔಷಧ, ಓಡಾಟದ ವಾಹನ ಎಲ್ಲವೂ ತುಕಡಿಯದೇ. ಸ್ವಂತ ವಾಹನ ತರುವಂತಿಲ್ಲ, ಆಯುಧ ಹಿಡಿಯುವಂತಿಲ್ಲ. ಜಾಗ ಸಿಗುವುದು ವ್ಯಕ್ತಿಗಲ್ಲ, ಪತ್ರಿಕೆಗೋ ಚಾನೆಲ್ಲಿಗೋ. ಯಾರನ್ನು ಕಳಿಸಬೇಕೆಂದು ಅವರೇ ನಿರ್ಧರಿಸುತ್ತಾರೆ. ಏನಾದರೂ ಆದರೆ ಸೇನೆಯನ್ನು ಹೊಣೆ ಮಾಡುವುದಿಲ್ಲ ಎಂದು ಸಹಿ ಹಾಕಬೇಕು. ಗಾಯಗೊಂಡ ಅಥವಾ ಸತ್ತ ಸೈನಿಕನ ಹೆಸರನ್ನು ಮನೆಯವರಿಗೆ ತಿಳಿಯುವವರೆಗೆ, ಇಲ್ಲವೇ 72 ಗಂಟೆ ಕಳೆಯುವವರೆಗೆ, ಹೊರಗೆ ಹಾಕುವಂತಿಲ್ಲ. ಬರೆದದ್ದನ್ನೆಲ್ಲ ಮೊದಲೇ ತೋರಿಸಬೇಕೆಂಬ ಸಾಮಾನ್ಯ ನಿಯಮ ಮಾತ್ರ ಇರಲಿಲ್ಲ. ದಾಳಿ ಶುರುವಾದಾಗ ಹೀಗೆ 600ಕ್ಕೂ ಹೆಚ್ಚು ಮಂದಿ ತುಕಡಿಗಳೊಳಗಿದ್ದರು.

ಇದರಲ್ಲಿ ಗಟ್ಟಿ ಅಂಶ ಯಾವುದು? ಊಟವಲ್ಲ, ಸಹಿಯೂ ಅಲ್ಲ. ತುಕಡಿ ಬದಲಿಸಲು ಆಗದಿರುವುದು. ಪಕ್ಕದ ಊರಿನಲ್ಲಿ ಏನೋ ಆಗಿದೆ ಎಂದು ಕೇಳಿದರೂ ತುಕಡಿ ಹೋಗದೆ ಅವನು ಹೋಗಲಾರ. ಬಿಟ್ಟು ಹೋದರೆ ಮತ್ತೆ ಜಾಗ ಸಿಗುವ ಖಾತರಿ ಇಲ್ಲ.

ಈಗ ವಿಯೆಟ್ನಾಂಗೆ ಬನ್ನಿ. ಅಲ್ಲಿ ಇದ್ದದ್ದು ಮಾನ್ಯತೆ, ನಮ್ಮ ವಾರ್ತಾ ಇಲಾಖೆ ಪತ್ರಕರ್ತರಿಗೆ ಕೊಡುವಂಥದೇ ಒಂದು ಕಾರ್ಡು. ದಕ್ಷಿಣ ವಿಯೆಟ್ನಾಂನ ರಾಜಧಾನಿ ಸೈಗಾನಿನಲ್ಲಿ ಇಳಿದು, ಪತ್ರಿಕೆಯ ಪತ್ರ ತೋರಿಸಿ, ಹವ್ಯಾಸಿಯಾದರೆ ತನ್ನ ಬರಹ ಕೊಳ್ಳುವ ಸಂಸ್ಥೆಗಳ ಪತ್ರ ತಂದು, ಅಮೆರಿಕನ್ ಸೇನಾ ಕಮಾಂಡಿನ ನಿಯಮಗಳಿಗೆ ಒಪ್ಪಿ ಸಹಿ ಹಾಕಿದರೆ ಕಾರ್ಡು ಸಿಗುತ್ತಿತ್ತು. ಮುಂದಿನ ಕಾರ್ಯಾಚರಣೆಯ ಯೋಜನೆ ಬರೆಯಬಾರದು, ಒಂದು ಕದನದಲ್ಲಿ ತಮ್ಮವರು ಎಷ್ಟು ಮಂದಿ ಬಿದ್ದರೆಂದು ಅಂಕಿ ಕೊಡದೆ ‘ಅಲ್ಪ’, ‘ಸಾಧಾರಣ’, ‘ಭಾರಿ’ ಎಂದಷ್ಟೇ ಹೇಳಬೇಕು, ಇಂಥವು ಆ ನಿಯಮಗಳು. ಮುರಿದರೆ ಕಾರ್ಡು ಅಮಾನತು. ಮುಂಚಿತ ಸೆನ್ಸಾರ್ ಇರಲಿಲ್ಲ. 1968ರಲ್ಲಿ ಇಂಥ ಕಾರ್ಡು ಉಳ್ಳವರು 600 ದಾಟಿದ್ದರು.

ಕಾರ್ಡು ಕೈಗೆ ಬಂದ ಮೇಲೆ ಎಲ್ಲಿಗೆ ಹೋಗಬೇಕೆಂಬುದು ವರದಿಗಾರನ ಇಷ್ಟ. ಹೆಲಿಕಾಪ್ಟರಿನಲ್ಲಿ ಜಾಗವಿದ್ದರೆ ಹತ್ತುವುದು, ಕದನ ನೋಡುವುದು, ವಾಪಸು ಹೋಗುವ ಇನ್ನೊಂದರಲ್ಲಿ ಸೈಗಾನಿಗೆ ಬಂದು ಸುದ್ದಿ ಕಳಿಸುವುದು. ಇಂದು ಅಮೆರಿಕದ ಮರೀನ್ ಪಡೆಯ ಸೈನಿಕರ ಜೊತೆ, ನಾಳೆ ದಕ್ಷಿಣ ವಿಯೆಟ್ನಾಂ ಸೇನೆಯ ಜೊತೆ, ನಾಡಿದ್ದು ಯಾರ ಜೊತೆಯೂ ಅಲ್ಲ. ಸಂಜೆ ಸೇನೆಯ ಪತ್ರಿಕಾಗೋಷ್ಠಿ ನಡೆಯುತ್ತಿತ್ತು. ‘ಐದು ಗಂಟೆಯ ಹುಚ್ಚಾಟ’ ಎಂದು ಅದಕ್ಕೆ ಹೆಸರಿಟ್ಟದ್ದು ವರದಿಗಾರರೇ. ಬೆಳಿಗ್ಗೆ ತಾವು ಗದ್ದೆಯಲ್ಲಿ ಕಂಡದ್ದಕ್ಕೂ ಸಂಜೆ ಅಲ್ಲಿ ಕೇಳುವ ಅಂಕಿಗೂ ತಾಳೆಯಾಗುತ್ತಿರಲಿಲ್ಲ. ತಾಳೆ ನೋಡಲು ಸಾಧ್ಯವಾದದ್ದೇ ಎರಡೂ ಕಡೆ ಓಡಾಡುವ ಸ್ವಾತಂತ್ರ್ಯ ಇದ್ದುದರಿಂದ.

ಯುಪಿಐ (ಯುನೈಟೆಡ್ ಪ್ರೆಸ್ ಇಂಟರ್‌ನ್ಯಾಷನಲ್) ಸುದ್ದಿಸಂಸ್ಥೆಯ ಜೋ ಗ್ಯಾಲೊವೇ 1965ರ ನವೆಂಬರ್ 14ರ ರಾತ್ರಿ ಕದನ ನಡೆಯುತ್ತಿದ್ದ ಇಯಾ ಡ್ರಾಂಗ್ ಕಣಿವೆಗೆ ಇಳಿದದ್ದು ಹೀಗೆ ಹೆಲಿಕಾಪ್ಟರ್ ಹತ್ತಿಯೇ. ಅಲ್ಲಿ ಅವರು ರೈಫಲನ್ನೂ ಹಿಡಿದರು. ಗಾಯಾಳುಗಳನ್ನು ಉಳಿಸಲು ಮಾಡಿದ ಸಾಹಸಕ್ಕೆ 1998ರಲ್ಲಿ ಸೇನೆ ಅವರಿಗೆ ಕಂಚಿನ ನಕ್ಷತ್ರ ಪದಕ ಕೊಟ್ಟಿತು. 2003ರ ನಿಯಮದ ಪ್ರಕಾರ ಆ ರೈಫಲೇ ಅಪರಾಧ. ಅವರನ್ನು ಎಂಬೆಡೆಡ್ ಎನ್ನುವವರು ಎರಡೂ ಕಾಲದ ನಿಯಮ ಓದಿಲ್ಲ.

ಇನ್ನು ‘ಎಂಬೆಡೆಡ್ ಎಂದರೆ ಮಾರಿಕೊಂಡವರು’ ಎಂಬ ಮಾತು. ಎಂಬೆಡ್ ಹೇಳುವುದು ವರದಿಗಾರ ಎಲ್ಲಿ ನಿಂತಿದ್ದಾನೆ ಎಂಬುದನ್ನು, ಏನು ನಂಬುತ್ತಾನೆ ಎಂಬುದನ್ನಲ್ಲ. ರಾಯಿಟರ್ಸ್‌ನ ಛಾಯಾಗ್ರಾಹಕ ಡ್ಯಾನಿಶ್ ಸಿದ್ದಿಕಿ 2021ರ ಜುಲೈ 16ರಂದು ಸ್ಪಿನ್ ಬೋಲ್ದಕ್‌ನಲ್ಲಿ ಸತ್ತಾಗ ಅಫ್ಘನ್ ವಿಶೇಷ ಪಡೆಯೊಳಗೆ ಎಂಬೆಡ್ ಆಗಿದ್ದರು. ಅವರನ್ನು ಮಾರಿಕೊಂಡವರು ಎನ್ನಲು ಯಾರಿಗೂ ಬಾಯಿ ಬರಲಾರದು. ಹತ್ತಿರದಿಂದ ಕಂಡದ್ದು ಕಠೋರವಾಗಿಯೂ ಬರಬಹುದು. 1965ರ ಆಗಸ್ಟಿನಲ್ಲಿ ಸಿಬಿಎಸ್ ಟೀವಿಯ ವರದಿಗಾರ ಮಾರ್ಲಿ ಸೇಫರ್ ಮರೀನ್‌ಗಳ ಜೊತೆಗೇ ವಿಯೆಟ್ನಾಂನ ಕಾಮ್ ನೆ ಹಳ್ಳಿಗೆ ಹೋಗಿ, ಸೈನಿಕ ಸಿಗರೇಟ್ ಲೈಟರಿನಿಂದ ಹುಲ್ಲಿನ ಗುಡಿಸಲಿಗೆ ಬೆಂಕಿ ಕೊಡುವುದನ್ನು ಅಮೆರಿಕದ ಮನೆಮನೆಯ ಟೀವಿಗೆ ತಲುಪಿಸಿದರು.

ಆದರೆ ನಿಂತ ಜಾಗಕ್ಕೆ ಬೆಲೆ ಇದ್ದೇ ಇದೆ. ಅಮೆರಿಕನ್ ಸೈನಿಕರು ನಿರಾಯುಧ ಹಳ್ಳಿಗರನ್ನು ಕೊಂದ ವಿಯೆಟ್ನಾಂನ ಮೈ ಲಾಯ್ ನೋಡಿ. 1968ರ ಮಾರ್ಚ್ 16ರಂದು ಆ ಹಳ್ಳಿಯಲ್ಲಿ ತುಕಡಿಯ ಜೊತೆ ಇದ್ದದ್ದು ಸೇನೆಯದೇ ವರದಿಗಾರ ಮತ್ತು ಸೇನೆಯದೇ ಛಾಯಾಗ್ರಾಹಕ ರಾನ್ ಹೇಬರ್ಲೆ. ಸೇನೆಯ ಹೇಳಿಕೆಯಲ್ಲಿ ಬಂದದ್ದು 128 ಶತ್ರುಗಳು ಹತ, ಸಿಕ್ಕ ಆಯುಧ 3. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಅಲ್ಲಿ ಯಾರು ಸತ್ತರೆಂದು ತಿಳಿಯುತ್ತದೆ. ಸತ್ಯ ಹೊರಬಂದದ್ದು 1969ರ ನವೆಂಬರಿನಲ್ಲಿ, ವಿಯೆಟ್ನಾಂ ನೆಲ ತುಳಿಯದೆ ಅಮೆರಿಕದೊಳಗೇ ಸೈನಿಕರನ್ನು ಹುಡುಕಿ ಮಾತಾಡಿಸಿದ ಪತ್ರಕರ್ತ ಸೀಮೋರ್ ಹರ್ಷ್ ಅವರಿಂದ. ಹೇಬರ್ಲೆ ತಮ್ಮ ಸ್ವಂತ ಕ್ಯಾಮೆರಾದಲ್ಲಿ ತೆಗೆದಿಟ್ಟಿದ್ದ ಬಣ್ಣದ ಚಿತ್ರಗಳು ಅದಾದ ಮೇಲೆ ಪತ್ರಿಕೆಗೆ ಬಂದವು. ಸೇನೆಯ ನೌಕರನನ್ನೂ ಎಂಬೆಡೆಡ್ ಎಂದು ಕರೆಯುವ ಅಭ್ಯಾಸವಿದೆ. ಅವನು ಸೈನಿಕ. ಹಿಂದಿಯಲ್ಲಿ ವರ್ದಿ ಎಂದರೆ ಸಮವಸ್ತ್ರ, ಕನ್ನಡದಲ್ಲಿ ವರದಿ ಎಂದರೆ ಸುದ್ದಿ. ಅವನಿಗೆ ಎರಡೂ ಸಲ್ಲುತ್ತವೆ, ಎಂಬೆಡೆಡ್ ಆದವನಿಗೆ ಕನ್ನಡದ್ದು ಮಾತ್ರ.

ಎಂಬೆಡೆಡ್‌ಗೆ ಎದುರು ಪದ ‘ಯೂನಿಲ್ಯಾಟರಲ್’, ಅಂದರೆ ತುಕಡಿಯ ಹಂಗಿಲ್ಲದೆ ತನ್ನ ಗಾಡಿಯಲ್ಲಿ ಹೋದವನು. 2003ರ ಮಾರ್ಚ್ 22ರಂದು ಇರಾಕಿನ ಬಸ್ರಾ ಬಳಿ ಸತ್ತ, ಬ್ರಿಟನ್ನಿನ ಟೀವಿ ಸುದ್ದಿಸಂಸ್ಥೆ ಐಟಿಎನ್‌ನ ಟೆರಿ ಲಾಯ್ಡ್ ಇಂಥವರು. ಕನ್ನಡದಲ್ಲಿ ಒಬ್ಬರನ್ನು ‘ತುಕಡಿಯೊಳಗಿನ ವರದಿಗಾರ’, ಇನ್ನೊಬ್ಬರನ್ನು ‘ಒಂಟಿ ವರದಿಗಾರ’ ಎಂದರೆ ಯಾರಿಗೂ ಗೊಂದಲವಾಗದು. ವಿಯೆಟ್ನಾಂನವರಿಗೆ ‘ಮಾನ್ಯತೆ ಪಡೆದ ವರದಿಗಾರ’ ಸಾಕು.

ಕಾನೂನು ಮಾತ್ರ ಬೇರೆ ಗೆರೆ ಎಳೆಯುತ್ತದೆ. 1949ರ ಮೂರನೇ ಜಿನೀವಾ ಒಪ್ಪಂದದಲ್ಲಿ ‘ಯುದ್ಧ ವರದಿಗಾರ’ ಎಂದರೆ ಸೇನೆಯ ಅನುಮತಿ ಪಡೆದು ಅದರ ಜೊತೆ ಹೋದವನು. ಸೆರೆ ಸಿಕ್ಕರೆ ಅವನು ಯುದ್ಧಕೈದಿ. ಯಾವ ಸೇನೆಯ ಅನುಮತಿಯೂ ಇಲ್ಲದೆ ಹೋದ ಪತ್ರಕರ್ತ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೊಟೊಕಾಲಿನ ಪ್ರಕಾರ ಸಾಮಾನ್ಯ ನಾಗರಿಕ. ಗುಂಡು ಹಾರಿಸದಿರುವ ತನಕ ಇಬ್ಬರ ಮೇಲೂ ದಾಳಿ ಮಾಡುವಂತಿಲ್ಲ. ಆದರೆ ಕಾಗದ ಜೇಬಿನಲ್ಲಿದ್ದರೂ ಹಿಡಿದವನು ಅದನ್ನು ಓದಬೇಕಲ್ಲ. ಛಾಯಾಗ್ರಾಹಕರಾದ ಷಾನ್ ಫ್ಲಿನ್ ಮತ್ತು ಡೇನಾ ಸ್ಟೋನ್ 1970ರ ಏಪ್ರಿಲ್ 6ರಂದು ಕಾಂಬೋಡಿಯದ ಹೆದ್ದಾರಿಯಲ್ಲಿ ಮೋಟಾರ್ ಸೈಕಲ್ ಏರಿ ಮುಂದಕ್ಕೆ ಹೋದರು, ಜೊತೆಗೆ ಯಾವ ತುಕಡಿಯೂ ಇರಲಿಲ್ಲ. ಅವರು ಮರಳಲಿಲ್ಲ.