ಮಡಿಕೇರಿ ಸಂತೆಯ ಸ್ಕ್ಯಾನರ್ ಮತ್ತು ನಮ್ಮ ಸಿಲೆಬಸ್ಸಿನ ಬಾಣದ ಗುರುತುಗಳು

ಗ್ರಾಹಕ ವರ್ತನೆಯ ಪತ್ರಿಕೆ ಓದುತ್ತಿರುವವರಿಗೆಲ್ಲ ಈ ಪ್ರಶ್ನೆ ಗೊತ್ತಿರುತ್ತದೆ: ಮೊಬೈಲ್ ಪಾವತಿಯನ್ನೂ ಆನ್‌ಲೈನ್ ಸೇವೆಗಳನ್ನೂ ಜನ ಒಪ್ಪಿಕೊಳ್ಳಲು ಕಾರಣವೇನು? ಕಾರಣಗಳನ್ನು ನಾಲ್ಕು ಚೌಕದಲ್ಲಿ ಬರೆದು, ಅವುಗಳಿಂದ 'ಬಳಕೆ'ಯ ಕಡೆಗೆ ಬಾಣ ಎಳೆದು, ಹತ್ತಕ್ಕೆ ಏಳು ಅಂಕ ನಾನೂ ತೆಗೆದಿದ್ದೇನೆ. ಪ್ರಾಜೆಕ್ಟ್‌ಗೆಂದು ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಛತ್ರಿ ಹಿಡಿದು ನಿಂತ ಮೇಲೆ ಆ ಬಾಣಗಳು ಎಲ್ಲಿ ಚುಚ್ಚುತ್ತವೆ, ಎಲ್ಲಿ ಗುರಿ ತಪ್ಪುತ್ತವೆ ಅನ್ನುವುದು ಕಂಡಿತು. ಪರೀಕ್ಷೆಗೆ ಬೇಕಾದದ್ದನ್ನೂ ಸಂತೆಯಲ್ಲಿ ಕಂಡದ್ದನ್ನೂ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಮೊದಲು ಬಾಯಿಪಾಠದ ಭಾಗ ಮುಗಿಸೋಣ. 1962ರಲ್ಲಿ ಎವರೆಟ್ ರೋಜರ್ಸ್ ಹೊಸ ವಸ್ತುವೊಂದು ಜನರಲ್ಲಿ ಹರಡಲು ಐದು ಗುಣ ನೋಡಬೇಕು ಎಂದರು. ಹಳೆಯದಕ್ಕಿಂತ ಲಾಭ ಇದೆಯೇ, ನಮ್ಮ ರೂಢಿಗೆ ಹೊಂದುತ್ತದೆಯೇ, ತೊಡಕಾಗಿದೆಯೇ, ಸ್ವಲ್ಪ ಬಳಸಿ ನೋಡಬಹುದೇ, ಬೇರೆಯವರು ಬಳಸುವುದು ಕಣ್ಣಿಗೆ ಬೀಳುತ್ತದೆಯೇ. 1989ರಲ್ಲಿ ಫ್ರೆಡ್ ಡೇವಿಸ್ ಇದನ್ನು ಎರಡಕ್ಕೆ ಇಳಿಸಿದರು: ಇದರಿಂದ ನನಗೆ ಉಪಯೋಗವಿದೆ ಎಂಬ ಅನಿಸಿಕೆ, ಇದನ್ನು ಬಳಸುವುದು ಸುಲಭ ಎಂಬ ಅನಿಸಿಕೆ. ಇದೇ ಟ್ಯಾಮ್ (ಟೆಕ್ನಾಲಜಿ ಆಕ್ಸೆಪ್ಟೆನ್ಸ್ ಮಾಡೆಲ್), ಅಂದರೆ ಹೊಸ ತಂತ್ರಜ್ಞಾನವನ್ನು ಜನ ಒಪ್ಪಿಕೊಳ್ಳುವುದರ ಮಾದರಿ. 'ಅನಿಸಿಕೆ' ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಯುಪಿಐ ನಿಜವಾಗಿ ಸುಲಭವೋ ಅಲ್ಲವೋ ಎಂಬುದಲ್ಲ ಇಲ್ಲಿಯ ಪ್ರಶ್ನೆ, ಬಳಸುವವರಿಗೆ ಹಾಗೆ ಅನಿಸಬೇಕು.

ಈಗ ಸಂತೆಗೆ ಬನ್ನಿ. ಜುಲೈ ತಿಂಗಳು, ಕಣಿಲೆ (ಎಳೆ ಬಿದಿರಿನ ಮೊಳಕೆ) ಬರುವ ಕಾಲ. ನೀಲಿ ಟಾರ್ಪಾಲಿನ ಕೆಳಗೆ ಒಬ್ಬ ಅಜ್ಜಿ ಹೆಚ್ಚಿದ ಕಣಿಲೆಯನ್ನು ನೀರಿನ ಬಕೆಟ್ಟಿನಲ್ಲಿಟ್ಟು ಕೂತಿದ್ದರು. ಪಕ್ಕದ ಬುಟ್ಟಿಗೆ ದಾರದಲ್ಲಿ ಕಟ್ಟಿದ ಸ್ಕ್ಯಾನರ್, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನೊಳಗೆ. (ಪುಸ್ತಕದಲ್ಲಿ ಅದು ಕ್ಯೂಆರ್ ಕೋಡ್. ಸಂತೆಯಲ್ಲಿ ಎಲ್ಲರೂ ಅದಕ್ಕೆ ಸ್ಕ್ಯಾನರ್ ಎನ್ನುತ್ತಾರೆ.) ನಲವತ್ತು ರೂಪಾಯಿ ಕಳಿಸಿ, "ಹೋಯ್ತು ನೋಡಿ ಅಜ್ಜಿ" ಎಂದು ಮೊಬೈಲ್ ತೋರಿಸಿದೆ. ಅವರು ಆ ಕಡೆ ನೋಡಲೇ ಇಲ್ಲ.

"ಅದು ಹೇಳ್ಬೇಕು ಮಗ" ಎಂದು, ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್ ಬಾಕ್ಸನ್ನು ಎತ್ತಿ ಕಿವಿಗೆ ಹಿಡಿದರು. ಟಾರ್ಪಾಲಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಪೆಟ್ಟಿಗೆಯ ದನಿ ನನಗಂತೂ ಕೇಳಲಿಲ್ಲ. ಅವರಿಗೆ ಕೇಳಿತು. ಆಮೇಲೆಯೇ ಕಣಿಲೆ ನನ್ನ ಚೀಲಕ್ಕೆ ಬಿದ್ದದ್ದು.

ಬಳಕೆ ಸುಲಭ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಓದು ಬರಹ ಬೇಡ, ಕನ್ನಡಕ ಬೇಡ, ಆ್ಯಪ್ ತೆರೆಯುವುದೂ ಬೇಡ, ಕಿವಿ ಇದ್ದರೆ ಸಾಕು. ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಸಾಮಾನು ಹೊತ್ತೊಯ್ಯುವವರ ಕಾಟಕ್ಕೂ ಅದೇ ಪೆಟ್ಟಿಗೆ ಮದ್ದು. ಸುಲಭ ಮತ್ತು ನಂಬಿಕೆ ಎರಡೂ ಒಂದೇ ಡಬ್ಬಿಯಲ್ಲಿ ಬಂದಿವೆ, ಉತ್ತರದಲ್ಲಿ ಮಾತ್ರ ಬೇರೆ ಬೇರೆ ಚೌಕದಲ್ಲಿ ಬರೆಯಬೇಕು.

ಆದರೆ ಚೀಲ ಕಟ್ಟಿಕೊಡುತ್ತಾ ಅಜ್ಜಿ ಮತ್ತೊಂದು ಮಾತು ಹೇಳಿದರು: "ಮುಂದಿನ ಸಲ ಕ್ಯಾಶ್ ಇದ್ರೆ ಕ್ಯಾಶೇ ಕೊಡಿ." ಸ್ಕ್ಯಾನರ್ ಕಟ್ಟಿ ಕೂತವರು ಹೀಗೇಕೆ ಅನ್ನುತ್ತಾರೆ? ಇದಕ್ಕೆ ಟ್ಯಾಮ್‌ನಲ್ಲಿ ಉತ್ತರವಿಲ್ಲ.

2003ರಲ್ಲಿ ವೆಂಕಟೇಶ್, ಮಾರಿಸ್ ಮತ್ತು ಇಬ್ಬರು ಡೇವಿಸ್‌ಗಳು ಸೇರಿ ಎಂಟು ಹಳೆಯ ಮಾದರಿಗಳನ್ನು ಕಲಸಿ ಯುಟಾಟ್ (UTAUT) ಎಂಬ ಒಂದು ಮಾದರಿ ಮಾಡಿದರು. ಅದರಲ್ಲಿ ನಾಲ್ಕು ಅಂಶ: ಫಲದ ನಿರೀಕ್ಷೆ (ಎಷ್ಟು ಉಪಯೋಗ), ಶ್ರಮದ ನಿರೀಕ್ಷೆ (ಬಳಸಲು ಎಷ್ಟು ಸುಲಭ), ಸುತ್ತಲಿನವರ ಪ್ರಭಾವ, ಪೂರಕ ಅನುಕೂಲಗಳು. ವಯಸ್ಸು, ಲಿಂಗ, ಅನುಭವ, ಸ್ವಇಚ್ಛೆ ಇವು ಬಾಣದ ಬಲವನ್ನು ಹೆಚ್ಚು ಕಡಿಮೆ ಮಾಡುತ್ತವೆ. 2012ರ ಎರಡನೇ ರೂಪದಲ್ಲಿ ಖುಷಿ, ಕೊಟ್ಟ ಬೆಲೆಗೆ ಸಿಗುವ ಮೌಲ್ಯ, ಅಭ್ಯಾಸ ಸೇರಿದವು, ಸ್ವಇಚ್ಛೆಯನ್ನು ಕೈಬಿಟ್ಟರು. ಪರೀಕ್ಷೆಯಲ್ಲಿ ಈ ಎರಡರ ವ್ಯತ್ಯಾಸ ಕೇಳುತ್ತಾರೆ.

ನಮ್ಮ ಜಿಲ್ಲೆಯಲ್ಲಿ 'ಪೂರಕ ಅನುಕೂಲ' ಅಂದರೆ ಒಂದೇ ಪದ, ರೇಂಜ್. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದು ಮೂರು ದಿನ ಕರೆಂಟ್ ಇಲ್ಲದಿದ್ದರೆ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಬಳಸುವ ಮನಸ್ಸು ಎಷ್ಟೇ ಇದ್ದರೂ ಅವತ್ತು ಮೊಬೈಲ್ ಬರೀ ಟಾರ್ಚು. 2018ರ ಆಗಸ್ಟ್‌ನ ಭೂಕುಸಿತ ಕಂಡ ಮನೆಗಳಲ್ಲಿ ಇಂದಿಗೂ ಅಕ್ಕಿ ಡಬ್ಬಿಯಲ್ಲೋ ಬೀರುವಿನಲ್ಲೋ ಒಂದಿಷ್ಟು ನೋಟು ಇಟ್ಟಿರುತ್ತಾರೆ. ನಮ್ಮ ಮನೆಯಲ್ಲೂ ಇದೆ. ಅದನ್ನು ಹಿಂದುಳಿದಿರುವಿಕೆ ಎಂದು ಬರೆಯಬೇಡಿ, ಅದು ಲೆಕ್ಕಾಚಾರ.

ಸ್ವಇಚ್ಛೆಯ ವಿಷಯಕ್ಕೆ 2016 ನೋಡಿ. ಯುಪಿಐ ಪ್ರಾಯೋಗಿಕವಾಗಿ ಶುರುವಾದದ್ದು ಆ ವರ್ಷದ ಏಪ್ರಿಲ್‌ನಲ್ಲಿ. ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾಯಿತು, ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಸುಮಾರು ಶೇ. 86 ಅವೇ. ಖಾತೆಯಿಂದ ವಾರಕ್ಕೆ ಮೊದಲು 20,000, ಆಮೇಲೆ 24,000 ರೂಪಾಯಿ ಮಾತ್ರ ತೆಗೆಯಬಹುದಿತ್ತು. ಕೊಡಗಿನಲ್ಲಿ ಅದು ಅರೇಬಿಕಾ ಕಾಫಿ ಕುಯ್ಲು ಶುರುವಾಗುವ ಹೊತ್ತು. ವಾರದ ಬಟವಾಡೆ ಕೊಡಬೇಕಾದ ತೋಟಗಳಿಗೆ ಆ ಮಿತಿ ಯಾವ ಮೂಲೆಗೂ ಸಾಲದು. ಲೈನ್ ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆಗಳು) ಇದ್ದವರಿಗೆ ಬ್ಯಾಂಕ್ ಖಾತೆ ಮಾಡಿಸಲು ತೋಟದ ಲೆಕ್ಕ ಬರೆಯುವ ರೈಟರುಗಳು ಓಡಾಡಿದ್ದು ಆಗಲೇ. ಉಪಯೋಗ, ಸುಲಭ ಎಂದು ಯಾರೂ ಕೂತು ತೂಗಲಿಲ್ಲ, ಬೇರೆ ದಾರಿ ಇರಲಿಲ್ಲ. ಹಾಗೆ ಒತ್ತಡದಲ್ಲಿ ಹಿಡಿದದ್ದನ್ನು ನೋಟು ಬಂದ ಮೇಲೆ ಅನೇಕರು ಬಿಟ್ಟರು. ಮೊದಲ ಸಲ ಬಳಸುವುದು ಬೇರೆ, ಬಳಸುತ್ತಾ ಇರುವುದು ಬೇರೆ. ಉತ್ತರದಲ್ಲಿ ಇದನ್ನು ಪ್ರತ್ಯೇಕವಾಗಿ ಬರೆದರೆ ಒಳ್ಳೆಯದು.

ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದ ಹುಡುಗರನ್ನು ನೋಡಿದರೆ ಇನ್ನೊಂದು ಭ್ರಮೆ ಕಳಚುತ್ತದೆ. ಓದಿದವರು ಬೇಗ ಕಲಿಯುತ್ತಾರೆ, ಉಳಿದವರು ತಡ ಎಂದು ನಾವು ಬರೆಯುತ್ತೇವೆ. ನಾನು ಮಾತಾಡಿಸಿದ ತೋಟದಲ್ಲಿ ನಡೆದದ್ದು ಉಲ್ಟಾ. ಡಿಗ್ರಿ ಇದ್ದ ಯಜಮಾನರು ಚೆಕ್ ಬುಕ್ ಬಿಟ್ಟಿರಲಿಲ್ಲ. ಕನ್ನಡವೂ ಸರಿಯಾಗಿ ಬಾರದ ಹುಡುಗ ಲೈನ್ ಮನೆಯ ಮೆಟ್ಟಿಲ ಮೇಲೆ ಕೂತು ಊರಿಗೆ ದುಡ್ಡು ಕಳಿಸುತ್ತಿದ್ದ. ಅವನಿಗೆ ತಾಯಿ ಎರಡು ಸಾವಿರ ಕಿಲೋಮೀಟರಿಗೂ ದೂರ, ಯಜಮಾನರಿಗೆ ಬ್ಯಾಂಕು ಎರಡು ಕಿಲೋಮೀಟರ್. ಉಪಯೋಗ ಎಂಬ ಚೌಕದೊಳಗೆ ಇರುವುದು ಈ ದೂರ.

ಅಪಾಯದ ಭಯವನ್ನು ಗ್ರಾಹಕ ವರ್ತನೆಯ ಚರ್ಚೆಗೆ ತಂದವರು ರೇಮಂಡ್ ಬಾವರ್, 1960ರಲ್ಲಿ. ಇಲ್ಲಿ ಭಯ ಕಳ್ಳರದ್ದು ಮಾತ್ರವಲ್ಲ, ಕೈತಪ್ಪಿ ಸೊನ್ನೆ ಹೆಚ್ಚಾದರೆ ಯಾರನ್ನು ಕೇಳುವುದು ಎಂಬುದೂ ಹೌದು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಮೋಸ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಈ ಎರಡು ಗೊತ್ತಿದ್ದವರಲ್ಲಿ ಧೈರ್ಯ ಜಾಸ್ತಿ ಇತ್ತು. ನಾನು ಕೇಳಿದವರಲ್ಲಿ ಎರಡನೆಯದು ತಿಳಿದವರು ತೀರಾ ಕಡಿಮೆ. ಬೆಲೆಯ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ: 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಎಂಡಿಆರ್ (ಪ್ರತಿ ಪಾವತಿಯಲ್ಲೂ ಬ್ಯಾಂಕು ಕಡಿದುಕೊಳ್ಳುವ ಪಾಲು) ಶುಲ್ಕ ಹಿಡಿಯುವಂತಿಲ್ಲ, ಹಾಗಾಗಿ ಹತ್ತು ರೂಪಾಯಿಯ ಕೊತ್ತಂಬರಿಗೂ ಸ್ಕ್ಯಾನರ್ ಬಂತು. ಇಂಟರ್ನೆಟ್ ಇಲ್ಲದ ಸಾಮಾನ್ಯ ಕೀಪ್ಯಾಡ್ ಮೊಬೈಲ್ ಇರುವವರಿಗಾಗಿ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಬಂದಿದೆ, ಸಂತೆಯಲ್ಲಿ ಬಳಸುವವರು ನನಗೆ ಸಿಗಲಿಲ್ಲ. ಅಕ್ಕಪಕ್ಕದಲ್ಲಿ ಯಾರೂ ಬಳಸದಿದ್ದರೆ ಕಲಿಸುವವರು ಯಾರು? ರೋಜರ್ಸ್ ಹೇಳಿದ 'ಕಣ್ಣಿಗೆ ಬೀಳುವುದು' ಇಲ್ಲಿ ಕೆಲಸಕ್ಕೆ ಬರುತ್ತದೆ.

ಆನ್‌ಲೈನ್ ಸೇವೆಗಳಲ್ಲಿ ಮಾದರಿ ಇನ್ನೊಂದು ಕಡೆ ಸಡಿಲಾಗುತ್ತದೆ. ಪಹಣಿ ಬೇಕೆಂದರೆ ಹಳ್ಳಿಯವರು ಸೈಬರ್ ಸೆಂಟರಿನ ಹುಡುಗನ ಹತ್ತಿರ ಹೋಗುತ್ತಾರೆ. ಗ್ಯಾಸ್ ಬುಕ್ ಮಾಡಲು ಮಗಳಿಗೆ ಫೋನ್ ಮಾಡುತ್ತಾರೆ. ಸೇವೆ ಪಡೆದವರು ಒಬ್ಬರು, ಬೆರಳು ಆಡಿಸಿದವರು ಇನ್ನೊಬ್ಬರು. ನಾವು ಓದುವ ಮಾದರಿಗಳಲ್ಲಿ ಒಂದು ತಲೆ, ಒಂದು ಮೊಬೈಲ್ ಎಂಬ ಲೆಕ್ಕ.

ಎರಡು ವಾರ ಬಿಟ್ಟು ಅದೇ ಅಜ್ಜಿಯ ಹತ್ತಿರ ನಗದು ಕೊಟ್ಟೇ ಕಣಿಲೆ ತಗೊಂಡು, ಅವತ್ತಿನ ಮಾತು ಕೇಳಿದೆ. ಕಣಿಲೆ ಕಡಿದು ತಂದುಕೊಟ್ಟವನಿಗೆ ಸಂಜೆ ಕೈಯಲ್ಲೇ ಕೊಡಬೇಕಂತೆ, ಅವನ ಹತ್ತಿರ ಮೊಬೈಲ್ ಇಲ್ಲ. ಅದು ಒಂದು ಕಾರಣ. ಇನ್ನೊಂದನ್ನು ಹೇಳುವಾಗ ದನಿ ಸ್ವಲ್ಪ ತಗ್ಗಿಸಿದರು. ಆ ಸ್ಕ್ಯಾನರ್ ಇರುವುದು ಮಗನ ಖಾತೆಗೆ.

"ಅದ್ರಲ್ಲಿ ಬಿದ್ದದ್ದು ಅವಂದು. ಕೈಗೆ ಬಂದದ್ದು ನಂದು."

ನನ್ನ ಪ್ರಶ್ನಾವಳಿಯಲ್ಲಿ 'ನೀವು ಮೊಬೈಲ್ ಪಾವತಿ ಬಳಸುತ್ತೀರಾ' ಎಂಬಲ್ಲಿ ಹೌದು, ಇಲ್ಲ ಎಂದು ಎರಡೇ ಚೌಕ ಇದ್ದವು. ಅಜ್ಜಿಯ ಹಾಳೆಯಲ್ಲಿ ಎರಡನ್ನೂ ಖಾಲಿ ಬಿಟ್ಟು, ಉಳಿದ ಹಾಳೆಗಳಲ್ಲಿ ಎರಡು ಸಾಲು ಪೆನ್ನಿನಲ್ಲಿ ಸೇರಿಸಿದೆ: ಖಾತೆ ಯಾರ ಹೆಸರಲ್ಲಿದೆ? ಕೊನೆಯ ಸಲ ನಗದೇ ಬೇಕು ಎಂದದ್ದು ಯಾವಾಗ, ಯಾಕೆ? ನೀವು ಪ್ರಶ್ನಾವಳಿ ಅಚ್ಚು ಹಾಕಿಸುವ ಮೊದಲೇ ಇವೆರಡನ್ನು ಸೇರಿಸಿಕೊಳ್ಳಿ.