ಎರೆಮಣ್ಣಿನ ಮೇಲೆ 200 ಮೀಟರ್: ಹಳ್ಳಿ ಹೈಸ್ಕೂಲಿಗೆ ಟ್ರ್ಯಾಕ್ ಯಾಕಿಲ್ಲ?

ವಲಯ ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗಲೆಲ್ಲ ರಾಯಚೂರಿನ ಸಿಂಧನೂರು, ಕೊಪ್ಪಳದ ಕಾರಟಗಿ, ಬಳ್ಳಾರಿಯ ಸಿರುಗುಪ್ಪ ಸೀಮೆಯ ಸರ್ಕಾರಿ ಹೈಸ್ಕೂಲುಗಳಲ್ಲಿ ಮೈದಾನದ ಮಾತು ಏಳುತ್ತದೆ, ಕೂಟ ಮುಗಿದ ಮೇಲೆ ತಣ್ಣಗಾಗುತ್ತದೆ.

1953ರಲ್ಲಿ ಬಳ್ಳಾರಿ ಮದ್ರಾಸಿನ ಕಡೆಯಿಂದ ಮೈಸೂರು ರಾಜ್ಯಕ್ಕೆ ಬಂತು, 1956ರಲ್ಲಿ ರಾಯಚೂರು ಹೈದರಾಬಾದಿನ ಕಡೆಯಿಂದ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಹೈಸ್ಕೂಲು ಊರೂರಿಗೆ ಬಂದದ್ದು ನಿಧಾನಕ್ಕೆ. 2009ರಲ್ಲಿ ಮಾಧ್ಯಮಿಕ ಶಿಕ್ಷಣ ಅಭಿಯಾನ ಶುರುವಾದ ಮೇಲೆ ಅನೇಕ ಹಿರಿಯ ಪ್ರಾಥಮಿಕ ಶಾಲೆಗಳಿಗೇ ಹೈಸ್ಕೂಲಿನ ತರಗತಿಗಳು ಸೇರಿದವು. ಹೊಸ ಕೋಣೆಗಳು ಎದ್ದದ್ದು ಬಹಳ ಕಡೆ ಇದ್ದ ಬಯಲಿನಲ್ಲೇ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗಕ್ಕೆ ಅನುದಾನವೂ ಬಂತು. ಕೋಣೆಗೆ ಅಂದಾಜುಪಟ್ಟಿ ಬರೆಯುವುದು ಸಲೀಸು, ಮಣ್ಣಿಗೆ ಬರೆಯುವವರು ಕಡಿಮೆ.

ತೊಡಕು ಇರುವುದೇ ಆ ಮಣ್ಣಿನಲ್ಲಿ. ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಹತ್ತು ಟ್ರಾಲಿ ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಹರಡಿ ಬಿಲ್ ಮಾಡಿದರೆ ಅದು ಬಿರುಕಿಗಿಳಿದು, ಒಂದೆರಡು ಮಳೆಗಾಲದಲ್ಲಿ ಮತ್ತೆ ಎರೆಯೇ ಮೇಲೆ. ಮೇಲಿನ 15 ಸೆಂ.ಮೀ. ಎರೆ ತೆಗೆದು, ಗರಸನ್ನು ಎರಡು ಪದರಾಗಿ ಹಾಕಿ, ನೀರು ಹೊಡೆದು ರೋಲರ್ ಓಡಿಸಬೇಕು. ಒಳಬದಿಗೆ ನೂರಕ್ಕೆ ಒಂದರಷ್ಟು ಇಳಿಜಾರು, ಅಲ್ಲೇ ಚರಂಡಿ. ನಾಲ್ಕು ಲೇನಿನ 200 ಮೀಟರ್ ಟ್ರ್ಯಾಕಿಗೆ ಸುಮಾರು 157 ಘನ ಮೀಟರ್ ಗರಸು ಬೇಕು. ಕುಗ್ಗುವುದನ್ನೂ ಸೇರಿಸಿದರೆ ಒಂದು ಬ್ರಾಸಿನ (ನೂರು ಘನ ಅಡಿ) ಟ್ರಾಲಿ ಎಪ್ಪತ್ತರ ಹತ್ತಿರ.

ಜಾಗ 88 ಮೀ. ಉದ್ದ, 48 ಮೀ. ಅಗಲ, ಅಂದರೆ ಎಕರೆಗಿಂತ ತುಸು ಹೆಚ್ಚು. ನೇರ ಬದಿ 40 ಮೀ., ಒಳಗೆರೆಯ ತ್ರಿಜ್ಯ 18.90 ಮೀ. ಕಟ್ಟೆಯಿಲ್ಲದ ಸುಣ್ಣದ ಗೆರೆಯಾದ್ದರಿಂದ ಓಟದ ದೂರವನ್ನು ಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯಬೇಕು. ಲೇನ್ ಅಗಲ 1.22 ಮೀ. ಆದ್ದರಿಂದ 200 ಮೀ. ಓಟಕ್ಕೆ ಎರಡನೇ ಲೇನಿನವರು 7.67 ಮೀ., ಮೂರನೆಯವರು 15.33, ನಾಲ್ಕನೆಯವರು 23 ಮೀ. ಮುಂದೆ ನಿಲ್ಲಬೇಕು. ಎಲ್ಲರನ್ನೂ ಒಂದೇ ಗೆರೆಗೆ ನಿಲ್ಲಿಸಿ ಓಡಿಸಿದ ಮಕ್ಕಳು ತಿರುವಿನಲ್ಲಿ ಒಳಗೆ ನುಗ್ಗುವುದನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಮೇಲಿನ ಕೂಟದಲ್ಲಿ ಒಳಗೆರೆ ದಾಟಿ ಪಕ್ಕದ ಲೇನಿನಲ್ಲಿ ಓಡಿದರೆ ಅನರ್ಹ. ಅಲ್ಲಿ ಕಾಲಿನ ವೇಗ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನೆಲ್ಲ ಅಳೆಯಬೇಕಾದ ಪಿ.ಟಿ. ಮಾಸ್ತರರು ಸಣ್ಣ ಶಾಲೆಗಳಲ್ಲಿ ಇರುವುದೇ ಅನುಮಾನ. ಇದ್ದರೂ ಪ್ರಾರ್ಥನೆ, ಬಿಸಿಯೂಟ, ಖಾಲಿ ಪೀರಿಯಡ್ಡು ಅವರ ತಲೆಗೇ.

ಕಾಲವೂ ಕೂಡಿಬರುವುದಿಲ್ಲ. ಶಾಲೆ ತೆರೆಯುವುದು ಜೂನ್ ಹೊತ್ತಿಗೆ, ಕೂಟ ಆಗಸ್ಟ್ ಆಸುಪಾಸಿಗೆ. ನಡುವೆ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ ಶುರು, ದೊಡ್ಡ ಮಕ್ಕಳು ಗದ್ದೆಗೆ. ಕೂಟವನ್ನು ಚಳಿಗಾಲಕ್ಕೆ ಹಾಕಬಹುದಲ್ಲ ಎಂದರೆ, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯದ ದಿನಾಂಕಗಳು ಮೇಲಿನಿಂದ ಇಳಿದು ಬರುತ್ತವೆ. ನೆಲ ಗಟ್ಟಿಯಾಗುವ ಡಿಸೆಂಬರಿನಲ್ಲಿ ಹತ್ತನೇ ತರಗತಿಯವರಿಗೆ ವಿಶೇಷ ತರಗತಿ.