ಫಾಲೋವರ್‌ಗಳನ್ನೂ ಕರೆದುಕೊಂಡು ಹೋಗಬಹುದೇ?

ಟ್ವಿಟರ್‌ನಂಥದೇ ಸಾಮಾಜಿಕ ಜಾಲವಾದ ಮ್ಯಾಸ್ಟೊಡಾನ್‌ನಲ್ಲಿ ಒಂದು ಸೌಲಭ್ಯವಿದೆ. ನೀವಿರುವ ಸರ್ವರ್, ಅಂದರೆ ನಿಮ್ಮ ಖಾತೆ ಇರುವ ಕಂಪ್ಯೂಟರ್, ಹಿಡಿಸದಿದ್ದರೆ ಬೇರೆ ಸರ್ವರ್‌ಗೆ ಹೋಗಬಹುದು. ಹೋಗುವಾಗ ನಿಮ್ಮ ಫಾಲೋವರ್‌ಗಳೂ ಜೊತೆಗೆ ಬರುತ್ತಾರೆ. ಇನ್‌ಸ್ಟಾಗ್ರಾಂ ಬಿಟ್ಟು ಹೊರಡುವವರು ತಮ್ಮ ಫೋಟೊ, ಪೋಸ್ಟುಗಳನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಆದರೆ ಹತ್ತು ವರ್ಷ ಜೊತೆಗೆ ಹರಟಿದ ಜನರನ್ನು ಹಾಗೆ ತೆಗೆದುಕೊಂಡು ಹೋಗಲು ಆಗುವುದಿಲ್ಲ, ಅಲ್ವಾ?

ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಶುರು ಮಾಡಿದ ಮ್ಯಾಸ್ಟೊಡಾನ್ ಒಂದೇ ಜಾಲತಾಣವಲ್ಲ. ಅದು ಯಾರು ಬೇಕಾದರೂ ತಮ್ಮ ಕಂಪ್ಯೂಟರ್‌ನಲ್ಲಿ ನಡೆಸಬಹುದಾದ ಸಾಫ್ಟ್‌ವೇರ್. ಹೀಗೆ ನಡೆಯುವ ಸಾವಿರಾರು ಸರ್ವರ್‌ಗಳು ಆಕ್ಟಿವಿಟಿಪಬ್ ಎಂಬ ಪ್ರೋಟೊಕಾಲ್ (ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ನಿಯಮ) ಬಳಸಿ ಒಂದರ ಜೊತೆ ಒಂದು ಮಾತಾಡುತ್ತವೆ. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು. ನೀವೊಂದು ಪೋಸ್ಟ್ ಹಾಕಿದರೆ ಅದರ ಪ್ರತಿ ಫಾಲೋವರ್‌ಗಳಿರುವ ಒಂದೊಂದು ಸರ್ವರ್‌ನ ಇನ್‌ಬಾಕ್ಸಿಗೂ ಹೋಗುತ್ತದೆ. ಹೆಚ್ಚುಕಮ್ಮಿ ಇಮೇಲ್ ಇದ್ದ ಹಾಗೆ.

ಸರ್ವರ್ ಬದಲಿಸುವುದೂ ಇದೇ ದಾರಿಯಲ್ಲಿ. ಮೊದಲು ಹೊಸ ಖಾತೆಯಲ್ಲಿ 'ನನ್ನ ಹಳೆಯ ಖಾತೆ ಅದು' ಎಂದು ನಮೂದಿಸಬೇಕು. ಆಮೇಲೆ ಹಳೆಯ ಸರ್ವರ್ ಎಲ್ಲ ಫಾಲೋವರ್‌ಗಳ ಸರ್ವರ್‌ಗಳಿಗೆ ಸುದ್ದಿ ಕಳಿಸುತ್ತದೆ: ಇವರು ಈಗ ಇಲ್ಲಿಲ್ಲ, ಅಲ್ಲಿದ್ದಾರೆ. ಆ ಸರ್ವರ್‌ಗಳು ಸುಮ್ನೆ ನಂಬುವುದಿಲ್ಲ. ಹೊಸ ಖಾತೆಯನ್ನು ನೋಡಿ, ಎರಡೂ ಕಡೆಯ ಮಾತು ತಾಳೆಯಾದರೆ ಮಾತ್ರ ಫಾಲೋವರ್‌ಗಳನ್ನು ಅತ್ತ ಸಾಗಿಸುತ್ತವೆ. ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ. ಬಿಟ್ಟು ಹೋಗುವವರಿಗೆ ಹಳೆಯ ಜಾಗವೇ ದಾರಿ ಮಾಡಿಕೊಡುತ್ತದೆ!

ಹಳೆಯ ಪೋಸ್ಟುಗಳು ಮಾತ್ರ ಅಲ್ಲೇ ಉಳಿಯುತ್ತವೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸುದ್ದಿ ಕಳಿಸಬೇಕಾದ್ದು ಹಳೆಯ ಸರ್ವರ್ ತಾನೇ? ಅದು ರಾತ್ರೋರಾತ್ರಿ ಮುಚ್ಚಿಹೋದರೆ ಕಳಿಸುವವರೇ ಇಲ್ಲ. ಎಷ್ಟೋ ಸರ್ವರ್‌ಗಳು ಒಬ್ಬಿಬ್ಬರ ಬಿಡುವಿನ ವೇಳೆ ಮತ್ತು ಜನ ಕೊಡುವ ದೇಣಿಗೆಯಿಂದ ನಡೆಯುತ್ತವೆ. ಅದಕ್ಕೇ ಮ್ಯಾಸ್ಟೊಡಾನ್ ತನ್ನ ಅಧಿಕೃತ ಪಟ್ಟಿಗೆ ಸೇರುವ ಸರ್ವರ್‌ಗಳಿಂದ ಒಂದು ಮಾತು ತೆಗೆದುಕೊಳ್ಳುತ್ತದೆ: ಮುಚ್ಚುವುದಾದರೆ 3 ತಿಂಗಳು ಮೊದಲೇ ತಿಳಿಸಬೇಕು.

2022ರ ಅಕ್ಟೋಬರ್‌ನಲ್ಲಿ ಎಲಾನ್ ಮಸ್ಕ್ ಟ್ವಿಟರ್ ಕೊಂಡರು. ಮ್ಯಾಸ್ಟೊಡಾನ್‌ನ ತಿಂಗಳ ಬಳಕೆದಾರರು ಎರಡೇ ತಿಂಗಳಲ್ಲಿ ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿದರು. ಆ ಡಿಸೆಂಬರ್‌ನಲ್ಲಿ ಟ್ವಿಟರ್, ಮ್ಯಾಸ್ಟೊಡಾನ್ ಖಾತೆಯ ಲಿಂಕ್ ಹಂಚುವುದನ್ನೇ ನಿಷೇಧಿಸಿ, ಟೀಕೆ ಬಂದ ಮೇಲೆ ಹಿಂದೆಗೆದುಕೊಂಡಿತು. ಬಂದವರಲ್ಲಿ ತುಂಬ ಜನ ಉಳಿಯಲಿಲ್ಲ. ಅವರನ್ನು ದೂರುವುದು ಸರಿಯಲ್ಲ. ತಮ್ಮವರೆಲ್ಲ ಹಳೆಯ ಕಡೆಯೇ ಇದ್ದರೆ ಹೊಸ ಜಾಗದಲ್ಲಿ ಯಾರ ಜೊತೆ ಮಾತಾಡುವುದು?

ಹಾಗಿದ್ದರೆ ದೊಡ್ಡ ಕಂಪನಿಗಳೇ ಬಾಗಿಲು ತೆರೆದರೆ? ಇನ್‌ಸ್ಟಾಗ್ರಾಂ ಒಡೆತನದ ಮೆಟಾ, ಟ್ವಿಟರ್‌ನಂಥ ತನ್ನ ಥ್ರೆಡ್ಸ್ ಅನ್ನು 2023ರ ಡಿಸೆಂಬರ್‌ನಲ್ಲಿ ಆಕ್ಟಿವಿಟಿಪಬ್‌ಗೆ ಜೋಡಿಸತೊಡಗಿತು. ಕೆಲವು ಸರ್ವರ್‌ಗಳು ಸ್ವಾಗತಿಸಿದವು, ಕೆಲವು ಮೊದಲೇ ಥ್ರೆಡ್ಸ್ ಅನ್ನು ಬ್ಲಾಕ್ ಮಾಡಿದವು. ದೊಡ್ಡ ಕಂಪನಿ ಮುಂದೆ ಬಾಗಿಲು ಮುಚ್ಚೀತು ಎಂಬ ಈ ಭಯಕ್ಕೆ ಕಾರಣವಿದೆ. ಗೂಗಲ್‌ನ ಚಾಟ್ ಸೇವೆಯಾಗಿದ್ದ ಗೂಗಲ್ ಟಾಕ್ ಕೂಡ 2006ರಲ್ಲಿ ಎಕ್ಸ್‌ಎಂಪಿಪಿ ಎಂಬ ಮುಕ್ತ ಪ್ರೋಟೊಕಾಲ್ ಮೂಲಕ ಬೇರೆಯವರ ಚಾಟ್ ಸರ್ವರ್‌ಗಳ ಜೊತೆ ಬೆರೆತಿತ್ತು. 2013ರಲ್ಲಿ ಅದರ ಬದಲಿಗೆ ಹ್ಯಾಂಗ್‌ಔಟ್ಸ್ ಬಂತು, ಅದರಲ್ಲಿ ಆ ಬಾಗಿಲೇ ಇರಲಿಲ್ಲ. ಹೊರಗಿನ ಸಣ್ಣ ಸರ್ವರ್‌ಗಳವರಿಗೆ ಗೂಗಲ್‌ನಲ್ಲಿದ್ದ ಗೆಳೆಯರ ಸಂಪರ್ಕ ಕ್ರಮೇಣ ತಪ್ಪಿಹೋಯಿತು.

ಟ್ವಿಟರ್‌ನಂಥ ಇನ್ನೊಂದು ಜಾಲ ಬ್ಲೂಸ್ಕೈ ಬೇರೆ ದಾರಿ ಹಿಡಿದಿದೆ. ಅಲ್ಲಿ ನಿಮ್ಮ ಗುರುತು ಒಂದು ಕಡೆ, ಪೋಸ್ಟುಗಳಿರುವ ಸರ್ವರ್ ಇನ್ನೊಂದು ಕಡೆ. ಪೋಸ್ಟುಗಳ ಬ್ಯಾಕಪ್ ಮತ್ತು ಗುರುತನ್ನು ನಿಯಂತ್ರಿಸುವ ಡಿಜಿಟಲ್ ಕೀಲಿ ನಿಮ್ಮ ಬಳಿ ಇದ್ದರೆ, ಹಳೆಯ ಸರ್ವರ್ ಸಹಕರಿಸದಿದ್ದರೂ ಪೋಸ್ಟುಗಳ ಸಮೇತ ಬೇರೆಡೆ ಹೋಗಬಹುದು. ಆದರೆ ಬಹುತೇಕ ಎಲ್ಲರೂ ಈಗಲೂ ಆ ಕಂಪನಿಯ ಸರ್ವರ್‌ಗಳಲ್ಲೇ ಇದ್ದಾರೆ. ಅಂಥ ಕೀಲಿಯೊಂದನ್ನು ತಾವು ಇಟ್ಟುಕೊಳ್ಳಬಹುದು ಎಂಬುದೇ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು.